ಫೋನ್ ಎತ್ತುವವರಿಗೆ ಮೊದಲು ಹೇಳಿ

ನಟ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ ಮೇಲೆ ಇಡೀ ನಾಡು ನೇತ್ರದಾನದ ಮಾತಾಡಿತು. ಪ್ರಚಾರ ಜನರನ್ನು ಫೋನಿನವರೆಗೆ ಕರೆತರುತ್ತದೆ, ಅಲ್ಲಿಂದ ಮುಂದಿನದು ಕಚೇರಿಯ ಕೆಲಸ. ಆ ಕೆಲಸಕ್ಕೆ ತಯಾರಿ ಪ್ರಚಾರಕ್ಕಿಂತ ಮೊದಲೇ ಆಗಬೇಕು.

2021ರ ಅಕ್ಟೋಬರ್ 29, ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಖಚಿತವಾಯಿತು. ಜನ ‘ಅಪ್ಪು’ ಎಂದು ಕರೆಯುತ್ತಿದ್ದ ಪುನೀತ್ ರಾಜ್‌ಕುಮಾರ್ ಇನ್ನಿಲ್ಲ, ವಯಸ್ಸು ಬರೀ 46. ಬೆಂಗಳೂರಿನ ಬೀದಿಗಳಲ್ಲಿ ಅಂಗಡಿಗಳ ಶಟರ್ ಇಳಿದವು. ಅಂತಿಮ ದರ್ಶನಕ್ಕೆಂದು ಕಂಠೀರವ ಕ್ರೀಡಾಂಗಣದ ಕಡೆಗೆ ಜನ ಹೊರಟರು, ಬಸ್ಸಿನಲ್ಲಿ, ಬೈಕಿನಲ್ಲಿ, ನಡೆದುಕೊಂಡು. ಅದೇ ಹೊತ್ತಿನಲ್ಲಿ, ಆ ಜನಸಾಗರದ ಕಣ್ಣಿಗೆ ಬೀಳದಂತೆ, ನಾರಾಯಣ ನೇತ್ರಾಲಯದ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕಿನವರು ಅವರ ಎರಡೂ ಕಣ್ಣುಗಳನ್ನು ಪಡೆದುಕೊಂಡಿದ್ದರು.

ಆಗ ಡಾ. ಕೆ. ಭುಜಂಗ ಶೆಟ್ಟಿಯವರ ನೇತೃತ್ವದಲ್ಲಿದ್ದ ಆ ಆಸ್ಪತ್ರೆ ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟಿತು. ಪುನೀತ್ ಅವರ ಮನೆಗೆ ನೇತ್ರದಾನ ಹೊಸದಲ್ಲ. 2006ರಲ್ಲಿ ತಂದೆ ಡಾ. ರಾಜ್‌ಕುಮಾರ್, 2017ರಲ್ಲಿ ತಾಯಿ ಪಾರ್ವತಮ್ಮ ತೀರಿಕೊಂಡಾಗಲೂ ಅವರ ಕಣ್ಣುಗಳು ದಾನವಾಗಿದ್ದವು. ಆದರೆ ಈ ಸಲ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಹಳ್ಳಿಹಳ್ಳಿ ತಲುಪಿತು. ಊರೂರುಗಳಲ್ಲಿ ಯುವಕ ಸಂಘದವರು, ಅಭಿಮಾನಿ ಬಳಗದವರು, ಕಾಲೇಜು ಹುಡುಗರು ‘ನಾವೂ ಕಣ್ಣು ಕೊಡ್ತೀವಿ, ಹೆಸರು ಬರ್ಕೊಳ್ಳಿ’ ಎಂದು ಮುಂದೆ ಬಂದರು. ಪ್ರತಿಜ್ಞೆ ಮಾಡಿದವರ ಸಂಖ್ಯೆಯೂ ನಿಜವಾದ ದಾನದ ಸಂಖ್ಯೆಯೂ ಹಿಂದೆಂದೂ ಕಾಣದಷ್ಟು ಏರಿದವು. ಅಕ್ಟೋಬರ್ 29 ಬಂದಾಗಲೆಲ್ಲ ನಾವು ನೆನೆಯುವುದು ಆ ಸಂಖ್ಯೆಗಳನ್ನು. ಆ ಸಂಖ್ಯೆಗಳೆಲ್ಲ ಹಾದುಹೋಗಬೇಕಾದ ಜಾಗವನ್ನು, ಅಂದರೆ ಫೋನ್ ಎತ್ತುವ ಮೇಜನ್ನು, ನೆನೆಯುವವರು ಕಡಿಮೆ.

ಒಂದೇ ರಿಂಗು, ಎರಡು ಕರೆ

ಇಂಥ ಪ್ರಚಾರದ ದಿನಗಳಲ್ಲಿ ನೇತ್ರ ಬ್ಯಾಂಕಿಗೆ ಎರಡು ಜಾತಿಯ ಕರೆ ಬರುತ್ತವೆ. ಒಂದು ಪ್ರತಿಜ್ಞೆಯ ಕರೆ. ಮಾಡಿದವರಿಗೆ ಉತ್ಸಾಹವಿದೆ, ಆರೋಗ್ಯವಿದೆ, ಸಮಯವೂ ಇದೆ. ಇವತ್ತು ಉತ್ತರ ಸಿಗದಿದ್ದರೆ ನಾಳೆ ಸಿಗಬಹುದು, ವಾರ ಬಿಟ್ಟು ಸಿಕ್ಕರೂ ನಷ್ಟವಿಲ್ಲ. ಇನ್ನೊಂದು ಸಾವಿನ ಮನೆಯಿಂದ ಬರುವ ಕರೆ. ‘ನಮ್ಮ ತಾಯಿ ಈಗ ತಾನೇ ತೀರಿಕೊಂಡ್ರು, ಕಣ್ಣು ಕೊಡಬೇಕು ಅಂತಿದೀವಿ, ಏನ್ ಮಾಡ್ಬೇಕು?’ ಈ ಕರೆಗೆ ಇರುವುದು ಆರು ಗಂಟೆಯ ಅವಧಿ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಎಂಬುದು ನೇತ್ರ ಬ್ಯಾಂಕುಗಳು ಪಾಲಿಸುವ ಲೆಕ್ಕ. ಅದರಲ್ಲಿ ಮನೆಯವರು ಮನಸ್ಸು ಗಟ್ಟಿ ಮಾಡಿಕೊಳ್ಳಲು ಹಿಡಿಯುವ ಹೊತ್ತನ್ನೂ ತಂತ್ರಜ್ಞರ ವಾಹನ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತನ್ನೂ ಕಳೆದರೆ ಉಳಿಯುವುದು ಸ್ವಲ್ಪವೇ. ಎರಡೂ ಕರೆ ಒಂದೇ ಸಂಖ್ಯೆಗೆ ಬರುತ್ತವೆ, ರಿಂಗಿನ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಮೊದಲನೆಯದರ ಸಾಲು ಉದ್ದವಾದಷ್ಟೂ ಎರಡನೆಯದು ಹಿಂದೆ ಸಿಕ್ಕಿಕೊಳ್ಳುತ್ತದೆ.

ಇದರಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಸೇರಿದೆ. ಕಣ್ಣು ಕೊಡಲು ಬದುಕಿದ್ದಾಗ ಪ್ರತಿಜ್ಞಾಪತ್ರ ತುಂಬಿರಲೇಬೇಕು ಎಂದಿಲ್ಲ. ಹತ್ತಿರದ ಬಂಧುಗಳು ಒಪ್ಪಿದರೆ ಸಾಕು. ಪ್ರತಿಜ್ಞಾಪತ್ರ ತುಂಬಿದ್ದರೂ ಕೊನೆಗೆ ಕರೆ ಮಾಡಬೇಕಾದವರು ಮನೆಯವರೇ. ಹಾಗಾಗಿ ಪ್ರಚಾರದ ನಿಜವಾದ ಗೆಲುವು ಇರುವುದು, ಎಂದೂ ಹೆಸರು ನೋಂದಾಯಿಸದ ಮನೆಯೊಂದರಲ್ಲಿ ಸಾವಾದಾಗ ಮಗನೋ ಸೊಸೆಯೋ ನೆನಪು ಮಾಡಿಕೊಂಡು ಫೋನ್ ತೆಗೆಯುವುದರಲ್ಲಿ. ಆ ಮನೆಯಲ್ಲಿ ಆಗ ನೆಂಟರು ಬಂದಿಳಿಯುತ್ತಿರುತ್ತಾರೆ, ‘ಹೊತ್ತಾಗುತ್ತೆ, ಎತ್ತೋಣ’ ಎನ್ನುವವರಿರುತ್ತಾರೆ, ‘ಅದೆಲ್ಲ ಯಾಕೆ ಈಗ’ ಎನ್ನುವ ಹಿರಿಯರಿರುತ್ತಾರೆ. ಲೈನ್ ಎಂಗೇಜ್ ಬಂದರೆ ಒಂದು ಸಲ, ಎರಡು ಸಲ ಪ್ರಯತ್ನಿಸಿಯಾರು. ಮೂರನೆಯ ಸಲಕ್ಕೆ ಮನೆಯ ಒತ್ತಡವೇ ಗೆಲ್ಲುತ್ತದೆ.

ಆದ್ದರಿಂದ ಈ ಲೇಖನದ ವಾದ ಇಷ್ಟು. ಸಂಖ್ಯೆಯೊಂದನ್ನು ಸಾರ್ವಜನಿಕರ ಮುಂದಿಡುವ ಸಂಸ್ಥೆ ಒಂದು ಮಾತು ಕೊಡುತ್ತದೆ: ಕರೆ ಮಾಡಿ, ನಾವಿದ್ದೇವೆ. ಆ ಮಾತನ್ನು ಉಳಿಸಿಕೊಳ್ಳುವವರು ವೇದಿಕೆಯ ಮೇಲಿದ್ದವರಲ್ಲ, ಫೋನಿನ ಮುಂದೆ ಕೂತವರು. ಹಾಗಿರುವಾಗ ಪ್ರಚಾರದ ದಿನಾಂಕ ನಿಗದಿಯಾಗಬೇಕಾದದ್ದು ಅವರು ಸಿದ್ಧರಿದ್ದಾರೆಯೇ ಎಂದು ಕೇಳಿದ ಮೇಲೆ. ನಮ್ಮಲ್ಲಿ ಬಹುತೇಕ ನಡೆಯುವುದು ತಿರುಗುಮುರುಗು. ಪತ್ರಿಕಾಗೋಷ್ಠಿ, ಜಾಹೀರಾತು, ಟಿ.ವಿ. ಸಂದರ್ಶನ ಎಲ್ಲ ಮುಗಿದ ಮೇಲೆ, ಫೋನ್ ಎತ್ತುವವರಿಗೆ ಸುದ್ದಿ ತಿಳಿಯುವುದು ಕರೆ ಮಾಡಿದವರ ಬಾಯಿಂದಲೇ.

▣ ಸಾವಿನ ಮನೆಯಿಂದ ಕರೆ ಬಂದಾಗ
*ಕೇಳಬೇಕಾದದ್ದು:* ಎಷ್ಟು ಹೊತ್ತಿಗೆ ತೀರಿಕೊಂಡರು, ವಯಸ್ಸೆಷ್ಟು, ಕಾರಣವೇನು, ಮನೆ ಎಲ್ಲಿ, ಹತ್ತಿರದ ಗುರುತು ಯಾವುದು, ಮನೆಯವರು ಒಪ್ಪಿದ್ದಾರೆಯೇ.
*ಹೇಳಬೇಕಾದದ್ದು:* ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಿ. ದೇಹವನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ತಂಡವೇ ಮನೆಗೆ ಬರುತ್ತದೆ. ಮುಖ ವಿಕಾರವಾಗುವುದಿಲ್ಲ.
*ಅನುಮಾನ ಬಂದರೆ:* ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇದ್ದವರು, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್‌ನಂಥ ಸೋಂಕಿದ್ದವರ ಕಣ್ಣು ಕಸಿಗೆ ಬರುವುದಿಲ್ಲ.

ಮೂವತ್ತಾರು ಸೆಕೆಂಡಿನ ಲೆಕ್ಕ

ಕರೆಗಳ ಸಾಲನ್ನು ಲೆಕ್ಕಕ್ಕೆ ಹಿಡಿದವರು ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ. 1909ರಲ್ಲಿ, 1917ರಲ್ಲಿ ಅವರು ಪ್ರಕಟಿಸಿದ ಸೂತ್ರಗಳೇ ಇಂದಿಗೂ ಕಾಲ್ ಸೆಂಟರುಗಳ ಆಧಾರ. ಆ ಸೂತ್ರ ಹಾಕಿ ನೋಡಿದರೆ ಎದ್ದು ಕಾಣುವ ಸಂಗತಿ ಪ್ರತಿ ಕಚೇರಿಯ ಮುಖ್ಯಸ್ಥರೂ ತಿಳಿದಿರಬೇಕಾದದ್ದು. ಗಂಟೆಗೆ 100 ಕರೆ, ಒಂದೊಂದಕ್ಕೆ ಸರಾಸರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 300 ನಿಮಿಷದ ಮಾತು, ಅಂದರೆ ಐದು ಜನರ ಪೂರ್ತಿ ಒಂದು ಗಂಟೆ. ಹಾಗೆಂದು ಐದೇ ಜನರನ್ನು ಕೂರಿಸಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ಯಾಕೆಂದರೆ ಕರೆಗಳು ಅಳೆದು ಸುರಿದಂತೆ ಬರುವುದಿಲ್ಲ, ಒಮ್ಮೆ ಗುಂಪಾಗಿ, ಒಮ್ಮೆ ವಿರಳವಾಗಿ ಬರುತ್ತವೆ. ಆರು ಜನರಿದ್ದರೆ ಸರಾಸರಿ ಕಾಯುವಿಕೆ ಸುಮಾರು ಒಂದು ಮುಕ್ಕಾಲು ನಿಮಿಷ. ಏಳನೆಯವರು ಬಂದು ಕೂತರೆ ಅದು ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಎಂಟನೆಯವರು ಬಂದರೆ ಹತ್ತು ಸೆಕೆಂಡು. ಅಂದರೆ ಸರಿಯಾದ ಹೊತ್ತಿನಲ್ಲಿ ಒಬ್ಬರೇ ಒಬ್ಬರು ಹೆಚ್ಚಾದರೂ ಇಡೀ ಸಾಲಿನ ಗತಿ ಬದಲಾಗುತ್ತದೆ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಆತಂಕವಾಗುತ್ತದೆ. ಆರು ಜನರೇ ಇದ್ದು, ಕರೆಗಳು 100ರಿಂದ 120ಕ್ಕೆ ಏರಿದರೆ ಸಾಕು, ವ್ಯವಸ್ಥೆ ಕುಸಿಯುತ್ತದೆ. ಕರೆ ಹೆಚ್ಚಾಗದಿದ್ದರೂ ಕುಸಿಯಬಹುದು. ಏನು ಹೇಳಬೇಕೆಂದು ತಿಳಿಯದೆ ‘ಒಂದ್ನಿಮಿಷ ಇರಿ, ಕೇಳಿ ಹೇಳ್ತೀನಿ’ ಎನ್ನುವುದರಲ್ಲಿ ಪ್ರತಿ ಕರೆಗೂ 36 ಸೆಕೆಂಡು ಹೆಚ್ಚು ಹೋಯಿತೆನ್ನಿ. 100 ಕರೆಗೆ 60 ನಿಮಿಷ. ಒಬ್ಬ ಸಿಬ್ಬಂದಿಯ ಪೂರ್ತಿ ಗಂಟೆ ಹುಡುಕಾಟದಲ್ಲೇ ಮುಗಿಯಿತು. ತರಬೇತಿ ಕೊಡದೆ ಕೂರಿಸಿದ ಆರು ಜನ, ತಯಾರಾದ ಐದು ಜನರಿಗೆ ಸಮ. ಅದರ ಮೇಲೆ ಲೈನ್ ಸಿಗದವರು ಮತ್ತೆ ಮತ್ತೆ ಡಯಲ್ ಮಾಡುತ್ತಾರೆ, ಒಬ್ಬರ ಅಗತ್ಯ ನಾಲ್ಕು ಕರೆಯಾಗಿ ಬಂದು ಕೂರುತ್ತದೆ. ‘ಕರೆಗಳು ವಿಪರೀತ’ ಎಂದು ಕಚೇರಿ ದೂರುವ ಎಷ್ಟೋ ಸಂದರ್ಭದಲ್ಲಿ ವಿಪರೀತವಾಗಿರುವುದು ಉತ್ತರ ಸಿಗದ ಕರೆಗಳ ಮರುಕರೆ.

ಎರಡು ದೇಶ, ಎರಡು ದಾರಿ

1986ರ ಅಕ್ಟೋಬರ್ 30ರಂದು ಬ್ರಿಟನ್ನಿನಲ್ಲಿ ಚೈಲ್ಡ್‌ಲೈನ್ ಎಂಬ ಉಚಿತ ಸಹಾಯವಾಣಿ ಶುರುವಾಯಿತು. ದೌರ್ಜನ್ಯಕ್ಕೆ ಒಳಗಾದ ಮಕ್ಕಳು ನೇರವಾಗಿ ಕರೆ ಮಾಡಿ ಮಾತಾಡಲೆಂದು ಟಿ.ವಿ. ನಿರೂಪಕಿ ಎಸ್ತರ್ ರಾಂಟ್ಜನ್ ಕಟ್ಟಿದ ಸೇವೆ ಅದು. ಬಿಬಿಸಿ ಕಾರ್ಯಕ್ರಮದಲ್ಲಿ ಸಂಖ್ಯೆ ಬಂತು. ಮೊದಲ ರಾತ್ರಿಯೇ ಸುಮಾರು 50,000 ಕರೆಗಳ ಪ್ರಯತ್ನ ನಡೆಯಿತು ಎಂದು ದಾಖಲಾಗಿದೆ. ಯಾವ ದೇಶದ ಯಾವ ಕಚೇರಿಯೂ ಒಂದು ರಾತ್ರಿಯಲ್ಲಿ ಅಷ್ಟಕ್ಕೆ ಉತ್ತರಿಸಲಾರದು. ಆ ಸೇವೆಯಿಂದ ಮುಂದೆ ಲಕ್ಷಾಂತರ ಮಕ್ಕಳಿಗೆ ಆಸರೆ ಸಿಕ್ಕಿತು, ಆದ್ದರಿಂದ ಅದನ್ನು ಕಟ್ಟಿದವರ ಬಗ್ಗೆ ಗೌರವವಲ್ಲದೆ ಬೇರೆ ಭಾವನೆ ಬರುವುದಿಲ್ಲ. ಆದರೂ, ಎಷ್ಟೋ ದಿನದ ಭಯವನ್ನು ನುಂಗಿ, ಮನೆಯವರು ಮಲಗಿದ ಮೇಲೆ ರಿಸೀವರ್ ಎತ್ತಿದ ಮಗುವಿಗೆ ಕೇಳಿಸಿದ್ದು ಎಂಗೇಜ್ ಸದ್ದಾಗಿದ್ದರೆ, ಆ ಮಗು ಮತ್ತೆ ಧೈರ್ಯ ಮಾಡಿತೇ ಎಂಬ ಪ್ರಶ್ನೆಗೆ ಯಾವ ಅಂಕಿ ಅಂಶವೂ ಉತ್ತರಿಸುವುದಿಲ್ಲ.

ಇನ್ನೊಂದು ದಾರಿ ಅಮೆರಿಕದ್ದು. ಮಾನಸಿಕ ಸಂಕಟದಲ್ಲಿರುವವರ ಹತ್ತಂಕಿಯ ಸಹಾಯವಾಣಿಯನ್ನು 2022ರ ಜುಲೈ 16ರಂದು 988 ಎಂಬ ಮೂರಂಕಿಗೆ ಬದಲಿಸಿದರು. ಸಂಖ್ಯೆ ನೆನಪಿಡುವುದು ಸುಲಭವಾದರೆ ಕರೆ ಹೆಚ್ಚುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಹಾಗಾಗಿ ಕೇಂದ್ರ ಸರ್ಕಾರದ ಹಣವನ್ನು 2.4 ಕೋಟಿ ಡಾಲರ್‌ನಿಂದ 43.2 ಕೋಟಿ ಡಾಲರ್‌ಗೆ ಏರಿಸಿ, ಕೇಂದ್ರಗಳಲ್ಲಿ ಜನರನ್ನು ಹೆಚ್ಚಿಸುವ ಕೆಲಸ ಮೊದಲು ಮಾಡಿದರು. ಆ ವರ್ಷದ ಆಗಸ್ಟ್‌ನಲ್ಲಿ ಹಿಂದಿನ ವರ್ಷದ ಆಗಸ್ಟ್‌ಗಿಂತ ಸಂಪರ್ಕಗಳು ಶೇ 45ರಷ್ಟು ಹೆಚ್ಚಾದವು. ಉತ್ತರಕ್ಕೆ ಕಾಯುವ ಸರಾಸರಿ ಸಮಯ ಮಾತ್ರ ಎರಡೂವರೆ ನಿಮಿಷದಿಂದ 42 ಸೆಕೆಂಡಿಗೆ ಇಳಿಯಿತು. ಕರೆ ಹೆಚ್ಚಾಗಿಯೂ ಕಾಯುವಿಕೆ ಕಡಿಮೆಯಾಯಿತು ಎಂಬ ಈ ಒಂದು ಅಂಶ ಸಾಕು, ನುಗ್ಗಿ ಬರುವ ಕರೆಗಳು ಎದುರಿಸಲಾಗದ ವಿಧಿಯಲ್ಲ ಎನ್ನಲು.

ಇದಕ್ಕೆ ಮೊದಲ ಆಕ್ಷೇಪ ಹಣದ್ದು. ಅಮೆರಿಕ ಖರ್ಚು ಮಾಡಿತು, ನಮ್ಮ ಟ್ರಸ್ಟ್ ಆಸ್ಪತ್ರೆಯೋ ಜಿಲ್ಲಾ ಕಚೇರಿಯೋ ಎಲ್ಲಿಂದ ತರಬೇಕು? ಪ್ರಚಾರದ ಬಿಸಿ ಹದಿನೈದು ದಿನ ಇರುತ್ತದೆ, ಆಮೇಲೆ ಹೊಸದಾಗಿ ಸೇರಿಸಿಕೊಂಡವರನ್ನು ಏನು ಮಾಡುವುದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುತ್ತಿರುವುದು ಕಾಯಂ ನೇಮಕಾತಿಯನ್ನಲ್ಲ. ಏಳನೆಯ, ಎಂಟನೆಯ ವ್ಯಕ್ತಿ ಅದೇ ಕಟ್ಟಡದಲ್ಲಿದ್ದಾರೆ. ಲೆಕ್ಕಪತ್ರ ವಿಭಾಗದವರು, ರೆಕಾರ್ಡ್ ರೂಮಿನವರು, ಸ್ವಾಗತ ಕೌಂಟರಿನವರು ವರ್ಷಕ್ಕೆ ಎರಡು ಸಲ ಅರ್ಧ ದಿನ ಫೋನಿನ ಮುಂದೆ ಕೂತು ಅಭ್ಯಾಸ ಮಾಡಿದ್ದರೆ, ಬೇಕಾದ ದಿನ ಅವರನ್ನು ಕರೆಯಬಹುದು. ಅದಕ್ಕೆ ತಗಲುವುದು ಒಂದು ಹಾಳೆ, ಒಂದು ಪಾಳಿ ಪಟ್ಟಿ ಮತ್ತು ಮುಖ್ಯಸ್ಥರ ಮನಸ್ಸು. ಸ್ವಾತಂತ್ರ್ಯೋತ್ಸವದ ಅಲಂಕಾರಕ್ಕೆ ಸಿಬ್ಬಂದಿಯನ್ನು ಬಿಡಿಸಿಕೊಡುವ ಕಚೇರಿಗೆ ಇದು ಭಾರವಾಗಬಾರದು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಅಪ್ಪು ಸಾವನ್ನು ಯಾರು ಊಹಿಸಿದ್ದರು? ಊಹಿಸಲಾಗದ್ದಕ್ಕೆ ತಯಾರಿ ಹೇಗೆ? ನಿಜ, ಘಟನೆಯನ್ನು ಊಹಿಸಲಾಗದು. ಘಟನೆಯ ನಂತರ ಜನ ಏನು ಕೇಳುತ್ತಾರೆಂಬುದನ್ನು ಮಾತ್ರ ಮೊದಲೇ ಹೇಳಬಹುದು. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡು ಅವರ ಅಂಗಾಂಗಗಳು ದಾನವಾದಾಗಲೂ ಜನರ ಮನಸ್ಸು ಕಲಕಿತ್ತು. ಯಾರು ಕೊಡಬಹುದು, ಎಲ್ಲಿ ಹೆಸರು ಬರೆಸಬೇಕು, ಹಣ ಕೊಡಬೇಕೇ, ಶಾಸ್ತ್ರಕ್ಕೆ ಅಡ್ಡಿಯೇ, ಮುಖ ಕೆಡುತ್ತದೆಯೇ, ವಯಸ್ಸಾದವರದ್ದು ಬರುತ್ತದೆಯೇ. ಪ್ರಶ್ನೆಗಳು ಬೆರಳೆಣಿಕೆಯವು, ಪ್ರತಿ ಸಲವೂ ಅವೇ. ಮೇಲಾಗಿ ಎಷ್ಟೋ ಪ್ರಚಾರ ಆಕಸ್ಮಿಕವೇ ಅಲ್ಲ. ನೇತ್ರದಾನ ಪಾಕ್ಷಿಕ ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ಬರುತ್ತದೆ. ಮಾನಸಿಕ ಆರೋಗ್ಯ ದಿನ ಅಕ್ಟೋಬರ್ 10. ಕ್ಯಾಲೆಂಡರಿನಲ್ಲಿ ಅಚ್ಚಾದ ದಿನಕ್ಕೂ ಬಾಯಾರಿದಾಗ ಬಾವಿ ತೋಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೂರನೆಯ ಮಾತು ಯಂತ್ರದ್ದು. ಮಿಸ್ಡ್ ಕಾಲ್ ಕೊಡಿ, ಲಿಂಕ್ ಬರುತ್ತದೆ, ಕನ್ನಡಕ್ಕಾಗಿ ಒಂದನ್ನು ಒತ್ತಿ, ಚಾಟ್‌ಬಾಟ್ ಉತ್ತರಿಸುತ್ತದೆ. ಇವು ಉಪಯುಕ್ತವೇ. ಪ್ರತಿಜ್ಞೆಯ ಕರೆಗಳನ್ನು ಆ ಕಡೆಗೆ ತಿರುಗಿಸಿದರೆ ಮನುಷ್ಯರ ಸಮಯ ಉಳಿಯುತ್ತದೆ, ತಿರುಗಿಸಲೇಬೇಕು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ನೋಂದಣಿ 2023ರ ಜುಲೈನಲ್ಲಿ ಶುರುವಾದಾಗ, ಎಲ್ಲರೂ ಒಂದೇ ದಿನ ಮುಗಿಬೀಳದಂತೆ ಎಸ್‌ಎಂಎಸ್ ಮೂಲಕ ದಿನ, ಹೊತ್ತು, ಕೇಂದ್ರವನ್ನು ತಿಳಿಸುವ ವ್ಯವಸ್ಥೆ ರೂಪಿಸಿದ್ದು ಇದೇ ಯೋಚನೆಯಿಂದ. ಅದಕ್ಕೆ ಒಂದು ತಿಂಗಳ ಹಿಂದೆ ಗೃಹಜ್ಯೋತಿ ಯೋಜನೆಯ ಅರ್ಜಿಯ ಮೊದಲ ದಿನಗಳಲ್ಲಿ ಸರ್ವರ್ ಕೈಕೊಟ್ಟು ಜನ ಪರದಾಡಿದ್ದರು. ಕಾಯಬಲ್ಲ ಬೇಡಿಕೆಯನ್ನು ಹೀಗೆ ಹರಡಬಹುದು. ಕಾಯಲಾಗದ ಬೇಡಿಕೆಯನ್ನು ಹರಡಲು ಬರುವುದಿಲ್ಲ. ಅಳುತ್ತಿರುವವರಿಗೆ ಆಯ್ಕೆಗಳ ಪಟ್ಟಿ ಓದಿ ಹೇಳುವ ಧ್ವನಿ ಬೇಡ. ಯಂತ್ರ ಮಾಡಬೇಕಾದ ಕೆಲಸ ಒಂದೇ: ಮೊದಲ ವಾಕ್ಯದಲ್ಲೇ ‘ಮನೆಯಲ್ಲಿ ಸಾವಾಗಿದ್ದರೆ ಈಗಲೇ ಒಂದನ್ನು ಒತ್ತಿ’ ಎಂದು ಹೇಳಿ, ಆ ಕರೆಯನ್ನು ಸಾಲಿನ ಮುಂದಕ್ಕೆ ತಂದು ಮನುಷ್ಯರ ಕೈಗೆ ಕೊಡುವುದು.

ಹಾಗಾದರೆ ಉತ್ತರಿಸಲಾಗದಷ್ಟು ಪ್ರಚಾರವೇ ಬೇಡ, ಸಂಸ್ಥೆಯ ಶಕ್ತಿ ಇದ್ದಷ್ಟೇ ಸದ್ದು ಮಾಡೋಣ ಎನ್ನುವವರೂ ಇದ್ದಾರೆ. ಇದನ್ನು ಒಪ್ಪಲಾಗದು. ಅಮೆರಿಕದ ಗಾಯಕ ಲಾಜಿಕ್ 2017ರಲ್ಲಿ ಹೊರತಂದ ಹಾಡೊಂದರ ಶೀರ್ಷಿಕೆಯೇ ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆ. ಆ ಹಾಡು ಹೆಚ್ಚು ಗಮನ ಸೆಳೆದ 34 ದಿನಗಳನ್ನು ಪರಿಶೀಲಿಸಿದ ಅಧ್ಯಯನ 2021ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಿರೀಕ್ಷೆಗಿಂತ 9,915 ಕರೆ ಹೆಚ್ಚು ಬಂದಿದ್ದವು. ಅದೇ ಅವಧಿಯಲ್ಲಿ ಆತ್ಮಹತ್ಯೆಗಳು ನಿರೀಕ್ಷೆಗಿಂತ 245 ಕಡಿಮೆ. ಹಾಡಿನಿಂದಲೇ ಹೀಗಾಯಿತು ಎಂದು ಸಾಧಿಸಿ ತೋರಿಸುವುದು ಕಷ್ಟ, ಆದರೆ ಎರಡೂ ಒಟ್ಟಿಗೆ ನಡೆದದ್ದನ್ನು ಕಡೆಗಣಿಸುವುದೂ ಸರಿಯಲ್ಲ. ಪ್ರಚಾರಕ್ಕೆ ಜೀವ ಉಳಿಸುವ ಶಕ್ತಿಯಿದೆ. ಅದನ್ನು ಕುಗ್ಗಿಸುವುದು ಬೇಡ, ಫೋನಿನ ಬದಿಯನ್ನು ಅದರ ಮಟ್ಟಕ್ಕೆ ಏರಿಸಬೇಕು.

▣ 14416
ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಬೆಂಗಳೂರಿನಿಂದ ಶುರುವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಹಾಯವಾಣಿ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಕನ್ನಡದಲ್ಲೂ ಮಾತಾಡಬಹುದು, ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ಕರೆ ತಜ್ಞರಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆಯನ್ನು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾನಸಿಕ ಆರೋಗ್ಯ ರಾಯಭಾರಿಯಾಗಿ ನೇಮಿಸಿತು.

ಮೇಜಿನ ಮೇಲೆ ಏನಿರಬೇಕು

ತಯಾರಿ ಎಂದರೆ ಇನ್ನೆರಡು ಲೈನ್ ಹಾಕಿಸುವುದು ಎಂದೇ ಬಹಳ ಕಚೇರಿಗಳ ತಿಳಿವಳಿಕೆ. ಎತ್ತುವವರಿಲ್ಲದ ಲೈನ್ ಕಾಯುವವರ ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತದೆ. ಮೊದಲು ಬೇಕಾದದ್ದು ಮಾಹಿತಿ. ನಾಳೆ ಬೆಳಿಗ್ಗೆ ಪತ್ರಿಕೆಯಲ್ಲಿ ಏನು ಬರುತ್ತದೆ, ಟಿ.ವಿ.ಯಲ್ಲಿ ಮುಖ್ಯಸ್ಥರು ಏನು ಹೇಳಿದ್ದಾರೆ, ಯಾವ ಸಂಖ್ಯೆ ಕೊಟ್ಟಿದ್ದಾರೆ ಎಂಬುದು ಇಂದು ಸಂಜೆಯೇ ಫೋನ್ ಎತ್ತುವವರ ಕೈ ಸೇರಬೇಕು. ಆ ಪತ್ರಿಕೆ, ಆ ಜಾಹೀರಾತು ಅವರ ಮೇಜಿನ ಮೇಲೇ ಇರಬೇಕು. ಕರೆ ಮಾಡಿದವರು ‘ಪೇಪರಲ್ಲಿ ಹಾಕಿದೀರಲ್ಲ’ ಎಂದಾಗ ‘ಯಾವ ಪೇಪರು?’ ಎಂದು ಕೇಳುವ ಸ್ಥಿತಿ ಆ ಸಿಬ್ಬಂದಿಗೆ ಅವಮಾನ, ಸಂಸ್ಥೆಯ ವಿಶ್ವಾಸಕ್ಕೆ ಪೆಟ್ಟು. ಅದರ ಪಕ್ಕದಲ್ಲಿ ಒಂದೇ ಒಂದು ಹಾಳೆಯಲ್ಲಿ ಹತ್ತು ಪ್ರಶ್ನೆ, ಹತ್ತು ಉತ್ತರ, ಮಾತಾಡುವ ಕನ್ನಡದಲ್ಲಿ. ಇಲಾಖೆಯ ಸುತ್ತೋಲೆಯ ಭಾಷೆಯಲ್ಲಿ ಬರೆದ ಹಾಳೆಯನ್ನು ಯಾರೂ ಫೋನಿನಲ್ಲಿ ಓದಲಾರರು.

ಎರಡನೆಯದು ಅಧಿಕಾರ. ವಾಹನ ಕಳಿಸುವ ನಿರ್ಧಾರಕ್ಕೆ ಮೇಲಿನವರ ಒಪ್ಪಿಗೆ ಬೇಕು, ಮೇಲಿನವರು ಮೀಟಿಂಗಿನಲ್ಲಿದ್ದಾರೆ ಎಂದರೆ ಆರು ಗಂಟೆಯ ಲೆಕ್ಕ ಅಲ್ಲೇ ಹಾಳಾಯಿತು. ಯಾವ ಕರೆಯನ್ನು ಯಾರ ಒಪ್ಪಿಗೆಯೂ ಇಲ್ಲದೆ ತಾವೇ ಮುಗಿಸಬಹುದು, ಯಾವುದನ್ನು ಯಾರಿಗೆ ದಾಟಿಸಬೇಕು ಎಂಬುದು ಹೆಸರು, ಮೊಬೈಲ್ ಸಂಖ್ಯೆ ಸಮೇತ ಬರೆದಿರಬೇಕು, ರಾತ್ರಿ ಪಾಳಿಗೂ ಭಾನುವಾರಕ್ಕೂ ಬೇರೆ ಬೇರೆಯಾಗಿ. ಕಾಯಬಲ್ಲ ಕರೆಯಾದರೆ ಹೆಸರು, ಸಂಖ್ಯೆ ಬರೆದುಕೊಂಡು ‘ನಾಳೆ ಸಂಜೆಯೊಳಗೆ ನಾವೇ ಮಾಡ್ತೀವಿ’ ಎನ್ನಬಹುದು. ಹೇಳಿದರೆ ಮಾಡಬೇಕು. ಆ ಮರುಕರೆಗಳಿಗೆಂದೇ ಒಬ್ಬರನ್ನು ಬಿಡಬೇಕು, ಇಲ್ಲವಾದರೆ ರಿಜಿಸ್ಟರಿನ ಪುಟಗಳು ತುಂಬುತ್ತವೆ, ಕೆಲಸ ಅಲ್ಲೇ ನಿಲ್ಲುತ್ತದೆ.

ಮೂರನೆಯದನ್ನು ನಮ್ಮ ಕಚೇರಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಫೋನ್ ಎತ್ತುವವರ ಮನಸ್ಸು. ದಿನವಿಡೀ ಸಾವಿನ ಸುದ್ದಿ ಕೇಳಿ, ಪ್ರತಿ ಸಲವೂ ‘ಎಷ್ಟು ಹೊತ್ತಿಗೆ ತೀರಿಕೊಂಡ್ರು ಅಮ್ಮಾ?’ ಎಂದು ಮೆತ್ತಗೆ ಕೇಳುವುದು ಸಣ್ಣ ಕೆಲಸವಲ್ಲ. ಅಪ್ಪು ಹೋದ ವಾರದಲ್ಲಿ ನಾಡೇ ಶೋಕದಲ್ಲಿತ್ತು, ಫೋನ್ ಎತ್ತುವವರು ಅದರ ಹೊರಗಿರಲು ಸಾಧ್ಯವೇ? ಅಂಥವರಿಗೆ ಎರಡು ಗಂಟೆಗೊಮ್ಮೆ ಎದ್ದು ಹೋಗಲು ಬಿಡುವು, ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಲು ಹಿರಿಯರೊಬ್ಬರು, ಸಿಟ್ಟಿನಲ್ಲಿ ಕೂಗಾಡುವ ಕರೆಯನ್ನು ಎತ್ತಿಕೊಳ್ಳಲು ಮೇಲ್ವಿಚಾರಕರು ಇರಬೇಕು. ದಣಿದ ದನಿ ಫೋನಿನ ಆ ತುದಿಗೆ ತಲುಪಿಯೇ ತಲುಪುತ್ತದೆ. ಆಗ ಕರೆ ಮಾಡಿದವರು ಹಿಂಜರಿಯುವುದು ಸಹಜ.

ಅಭಿಯಾನಕ್ಕೆ ಹಣ ಕೊಡುವ ಕಂಪನಿಗಳೂ ಸರ್ಕಾರದ ಇಲಾಖೆಗಳೂ ಒಂದು ಷರತ್ತು ಹಾಕಲಿ: ಪೋಸ್ಟರ್ ಅಚ್ಚಿಗೆ ಹೋಗುವ ಮುನ್ನ, ಅದರಲ್ಲಿರುವ ಸಂಖ್ಯೆಗೆ ಹೊರಗಿನವರೊಬ್ಬರು ಹಗಲು ಒಮ್ಮೆ, ನಡುರಾತ್ರಿ ಒಮ್ಮೆ, ಭಾನುವಾರ ಒಮ್ಮೆ ಕರೆ ಮಾಡಿ ಏನಾಯಿತೆಂದು ಬರೆದುಕೊಡಬೇಕು. ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಪೋಸ್ಟರ್ ಅಂಟಲಿ.

ಓದುಗರಲ್ಲಿಯೂ ಒಂದು ಕೋರಿಕೆ. ಈ ಅಕ್ಟೋಬರ್ 29ಕ್ಕೆ ಕಣ್ಣು ಕೊಡಬೇಕೆನ್ನಿಸಿದರೆ ಮೊದಲು ಮನೆಯವರನ್ನು ಕೂರಿಸಿಕೊಂಡು ನಿಮ್ಮ ಇಚ್ಛೆಯನ್ನು ಹೇಳಿ, ಪ್ರತಿಜ್ಞೆಯನ್ನು ಆನ್‌ಲೈನ್‌ನಲ್ಲಿ ತುಂಬಿ. ನಿಮ್ಮ ಊರಿಗೆ ಹತ್ತಿರದ ನೇತ್ರ ಬ್ಯಾಂಕಿನ ಸಂಖ್ಯೆಯನ್ನು ಮನೆಯ ಎಲ್ಲರ ಮೊಬೈಲಿನಲ್ಲೂ ಸೇರಿಸಿಡಿ. ಮನೆಯಲ್ಲಿ ಸಾವಾದಾಗ ಆ ಸಂಖ್ಯೆಗೆ ಕರೆ ಮಾಡಿದರೆ, ಮೊದಲ ವಾಕ್ಯದಲ್ಲೇ ಸಾವಾಗಿದೆ ಎಂಬುದನ್ನೂ ಎಷ್ಟು ಹೊತ್ತಿಗೆ ಎಂಬುದನ್ನೂ ಹೇಳಿ.